ರೋಮಿಗೆ ಒಯ್ದ ದೂರು: ‘ವರ್ತಮಾನಪ್ಪುಸ್ತಕಂ’ ಮತ್ತು ಧರ್ಮಾಧ್ಯಕ್ಷರ ಅಧಿಕಾರದ ಪ್ರಶ್ನೆ

ಪಾರೆಮ್ಮಾಕ್ಕಲ್ ತೊಮ್ಮಾ ಕತ್ತನಾರರ ‘ವರ್ತಮಾನಪ್ಪುಸ್ತಕಂ’ ಮಲಯಾಳದ ಮೊದಲ ಪ್ರವಾಸಕಥನವೆಂದು ಸಾಹಿತ್ಯ ಚರಿತ್ರೆಗಳಲ್ಲಿ ಸ್ಥಾನ ಪಡೆದಿದೆ. ಭಾರತೀಯ ಭಾಷೆಗಳಲ್ಲಿಯೇ ಯುರೋಪನ್ನು ಕುರಿತು ರಚಿತವಾದ ಅತ್ಯಂತ ಹಳೆಯ ಕಥನಗಳಲ್ಲಿ ಅದೂ ಒಂದು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ರಚಿತವಾದ ಈ ಕೃತಿ ಅಚ್ಚಾದುದು 1936ರಲ್ಲಿ. 1971ರಲ್ಲಿ ಪ್ಲಾಸಿಡ್ ಪೊಡಿಪಾರ ಅವರ ಇಂಗ್ಲಿಷ್ ಅನುವಾದ ರೋಮಿನಲ್ಲಿ ಪ್ರಕಟವಾಯಿತು. ಯಾವ ನಗರದ ಕಚೇರಿಗಳ ವಿರುದ್ಧ ಕೃತಿ ದೂರು ಹೇಳುತ್ತದೆಯೋ ಅದೇ ನಗರದಿಂದ ಅದು ಹೊರಜಗತ್ತಿಗೆ ಪರಿಚಿತವಾದುದು ಗಮನಾರ್ಹ.

ಕೃತಿಯನ್ನು ಓದುವ ಎರಡು ಕ್ರಮಗಳು ರೂಢಿಯಲ್ಲಿವೆ. ಮೊದಲನೆಯದು ಅದನ್ನು ಪ್ರವಾಸಸಾಹಿತ್ಯದ ಆದ್ಯ ಮಾದರಿಯಾಗಿ ನೋಡಿ ಹಡಗು, ಬಿರುಗಾಳಿ, ಲಿಸ್ಬನ್ನಿನ ಬೀದಿ, ರೋಮಿನ ದೇವಾಲಯಗಳ ವರ್ಣನೆಗಳನ್ನು ಎತ್ತಿ ತೋರಿಸುತ್ತದೆ. ಎರಡನೆಯದು ಅದನ್ನು ರಾಷ್ಟ್ರೀಯ ಪ್ರಜ್ಞೆಯ ಪೂರ್ವಸೂರಿಯಾಗಿ ಕಂಡು, ಭಾರತೀಯರನ್ನು ಭಾರತೀಯರೇ ಆಳಬೇಕೆಂಬ ವಾದದ ಮೊದಲ ಲಿಖಿತ ರೂಪವೆಂದು ಕೊಂಡಾಡುತ್ತದೆ. ಎರಡೂ ಓದುಗಳಿಗೆ ಆಧಾರವಿದೆ. ಎರಡೂ ಕೃತಿಯ ಕೇಂದ್ರವನ್ನು ಬದಿಗೆ ಸರಿಸುತ್ತವೆ. ತೊಮ್ಮಾ ಕತ್ತನಾರರು ಪ್ರವಾಸ ಮಾಡಲೆಂದು ಹೊರಟವರಲ್ಲ. ರಾಷ್ಟ್ರವೆಂಬ ಆಧುನಿಕ ಪರಿಕಲ್ಪನೆ ಅವರಿಗೆ ಪರಿಚಿತವೂ ಅಲ್ಲ. ಒಂದು ಜನಸಮುದಾಯದ ಧರ್ಮಾಧ್ಯಕ್ಷನ ಅಧಿಕಾರ ಎಲ್ಲಿಂದ ಬರುತ್ತದೆ, ಪೋಪರಿಂದಲೋ, ಅರಸರಿಂದಲೋ, ಆ ಜನರಿಂದಲೋ ಎಂಬ ಪ್ರಶ್ನೆಯೇ ಕೃತಿಯನ್ನು ಬರೆಯಿಸಿದೆ. ಕಥೋಲಿಕ ಧರ್ಮಸಭೆಯನ್ನು ಇಂದಿಗೂ ಬಿಡದೆ ಕಾಡುತ್ತಿರುವ ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಓದಿದಾಗ ಕೃತಿಯ ಬಲವೂ ಮಿತಿಯೂ ಹೆಚ್ಚು ಸ್ಪಷ್ಟವಾಗುತ್ತವೆ.

ಮೂರು ಬಗೆಯ ಧರ್ಮಾಧ್ಯಕ್ಷರು

ಕೃತಿಯ ವಾದವನ್ನು ಗ್ರಹಿಸಲು ಮಲಬಾರಿನ ಸುರಿಯಾನಿ ಕ್ರೈಸ್ತರು ಕಂಡಿದ್ದ ಮೂರು ಬಗೆಯ ಧರ್ಮಾಧ್ಯಕ್ಷರನ್ನು ಬೇರ್ಪಡಿಸಿಕೊಳ್ಳಬೇಕು. ಪೋರ್ಚುಗೀಸರ ಆಗಮನಕ್ಕೆ ಮುಂಚೆ ಪೂರ್ವ ಸುರಿಯಾನಿ ಪೇಟ್ರಿಯಾರ್ಕರು ಮೆಸೊಪೊಟೇಮಿಯದಿಂದ ಮೆಟ್ರೊಪೊಲಿಟನ್ನರನ್ನು ಕಳುಹಿಸುತ್ತಿದ್ದರು. ಅವರು ದೀಕ್ಷೆ ಕೊಡುವರು, ಪೂಜೆ ನಡೆಸುವರು. ಲೌಕಿಕ ಆಡಳಿತದ ಸೂತ್ರ ಮಾತ್ರ ಸ್ಥಳೀಯನಾದ ಆರ್ಚ್‌ಡೀಕನ್ನನ ಕೈಯಲ್ಲಿರುತ್ತಿತ್ತು. ‘ಜಾತಿಕ್ಕು ಕರ್ತವ್ಯನ್’ ಎಂಬುದು ಅವನ ಬಿರುದು. ಊರಿನ ಹಂತದಲ್ಲಿ ಯಾಜಕರೂ ಮನೆತನಗಳ ಹಿರಿಯರೂ ಕೂಡಿದ ಪಳ್ಳಿಯೋಗಂ ಚರ್ಚಿನ ಆಸ್ತಿ ಮತ್ತು ಶಿಸ್ತಿನ ವಿಚಾರಗಳನ್ನು ನಿರ್ಣಯಿಸುತ್ತಿತ್ತು. ಧರ್ಮಾಧ್ಯಕ್ಷ ಪರದೇಶಿಯಾಗಿದ್ದರೂ ಅಧಿಕಾರ ಪರದೇಶಿಯಾಗಿರಲಿಲ್ಲ.

ಎರಡನೆಯ ಬಗೆ ಪೋರ್ಚುಗೀಸ್ ಅರಸರು ನಾಮಕರಣ ಮಾಡಿದ ಧರ್ಮಾಧ್ಯಕ್ಷರದು. ಹದಿನೈದು ಮತ್ತು ಹದಿನಾರನೆಯ ಶತಮಾನಗಳಲ್ಲಿ ಪೋಪರು ಪೋರ್ಚುಗಲ್ಲಿನ ದೊರೆಗಳಿಗೆ ನೀಡಿದ ಆಶ್ರಯಾಧಿಕಾರಕ್ಕೆ ಪದ್ರೊವಾದೊ ಎಂದು ಹೆಸರು. ಮಿಷನ್ನುಗಳ ವೆಚ್ಚವನ್ನು ಅರಸ ಹೊರುವುದು, ಪ್ರತಿಯಾಗಿ ಧರ್ಮಪೀಠಗಳಿಗೆ ಅಭ್ಯರ್ಥಿಗಳನ್ನು ಸೂಚಿಸುವುದು ಅದರ ಸಾರ. 1599ರಲ್ಲಿ ಗೋವೆಯ ಮಹಾಧರ್ಮಾಧ್ಯಕ್ಷ ಅಲೆಯ್ಶೊ ದೆ ಮೆನೆಜಿಸ್ ಉದಯಂಪೇರೂರಿನಲ್ಲಿ ಸಿನೊದ್ ಕರೆದು ಸುರಿಯಾನಿ ಪರಂಪರೆಯನ್ನು ಲ್ಯಾಟಿನ್ ಶಿಸ್ತಿಗೆ ಒಗ್ಗಿಸಲು ಯತ್ನಿಸಿದ ಮೇಲೆ ಈ ಬಗೆಯ ಆಡಳಿತ ಮಲಬಾರಿನಲ್ಲಿ ನೆಲೆಯೂರಿತು. ಅದರ ವಿರುದ್ಧದ ಅಸಮಾಧಾನ 1653ರ ಜನವರಿಯಲ್ಲಿ ಮಟ್ಟಾಂಚೇರಿಯ ಕೂನನ್ ಕುರಿಶ್ ಪ್ರತಿಜ್ಞೆಯಲ್ಲಿ ಸ್ಫೋಟಗೊಂಡಿತು.

ಮೂರನೆಯ ಬಗೆ ರೋಮಿನ ನೇರ ಪ್ರತಿನಿಧಿಗಳದು. ಅರಸರ ಆಶ್ರಯದಿಂದ ಮಿಷನ್ನುಗಳನ್ನು ಬಿಡಿಸಿಕೊಳ್ಳುವ ಉದ್ದೇಶದಿಂದ 1622ರಲ್ಲಿ ಹದಿನೈದನೆಯ ಗ್ರೆಗೊರಿ ಪೋಪರು ಪ್ರೊಪಗಾಂಡ ಫೀದೆ ಎಂಬ ಆಡಳಿತ ಸಂಸ್ಥೆಯನ್ನು ಸ್ಥಾಪಿಸಿದರು. ಅದು ಕಳುಹಿಸುತ್ತಿದ್ದ ವಿಕಾರ್ ಅಪೊಸ್ತೋಲಿಕರು ದೀಕ್ಷೆಯಲ್ಲಿ ಧರ್ಮಾಧ್ಯಕ್ಷರೇ. ಆದರೆ ಅವರಿಗೆ ಸ್ವಂತ ಪೀಠವಿಲ್ಲ. ಎಂದೋ ಅಳಿದ ಯಾವುದೋ ಪ್ರಾಚೀನ ನಗರದ ಹೆಸರಿನಲ್ಲಿ ದೀಕ್ಷೆ ಪಡೆದು, ಪೋಪರ ಪರವಾಗಿ, ಪೋಪರ ಇಚ್ಛೆ ಇರುವಷ್ಟು ಕಾಲ ಆಳುವವರು. ಮಲಬಾರಿನಲ್ಲಿ ಈ ಸ್ಥಾನ ವರಾಪ್ಪುಳದಲ್ಲಿ ನೆಲೆಸಿದ ಕಾರ್ಮೆಲೈಟ್ ಸನ್ಯಾಸಿಗಳಿಗೆ ದಕ್ಕಿತು.

ಈ ಚರಿತ್ರೆಯಲ್ಲಿ ಒಂದು ಅಪವಾದವಿದೆ. 1663ರಲ್ಲಿ ಡಚ್ಚರು ಕೊಚ್ಚಿಯನ್ನು ಹಿಡಿದು ಯುರೋಪಿನ ಕಥೋಲಿಕ ಮಿಷನರಿಗಳನ್ನು ಹೊರಹಾಕಲು ಮುಂದಾದಾಗ ಕಾರ್ಮೆಲೈಟರು ಅವಸರದಿಂದ ಸುರಿಯಾನಿ ಸಮುದಾಯದವರೇ ಆದ ಪರಂಬಿಲ್ ಚಾಂಡಿ ಕತ್ತನಾರರಿಗೆ ಕಡುತ್ತುರುತ್ತಿಯಲ್ಲಿ ಧರ್ಮಾಧ್ಯಕ್ಷ ದೀಕ್ಷೆ ಕೊಟ್ಟರು. ಚಾಂಡಿಯವರ ಕಾಲಾನಂತರ ಆ ಬಾಗಿಲು ಮತ್ತೆ ಮುಚ್ಚಿತು. ಸ್ವಂತ ಜನರಿಂದ ಧರ್ಮಾಧ್ಯಕ್ಷನನ್ನು ಪಡೆಯುವುದು ಅಸಾಧ್ಯವಲ್ಲ, ಬೇರೆ ದಾರಿಯಿಲ್ಲದಾಗ ಮಾತ್ರ ಅದು ಕೊಡಲ್ಪಡುತ್ತದೆ ಎಂಬ ಪಾಠವನ್ನು ಮುಂದಿನ ತಲೆಮಾರು ಕಲಿತದ್ದು ಇಲ್ಲಿಂದ. ತೊಮ್ಮಾ ಕತ್ತನಾರರ ಕಹಿಗೆ ಈ ನೆನಪಿನ ಹಿನ್ನೆಲೆಯಿದೆ.

ಪಯಣವೆಂಬ ವಾದಸರಣಿ

1778ರಲ್ಲಿ ಕರಿಯಾಟ್ಟಿಲ್ ಔಸೇಪ್ ಮಲ್ಪಾನರೂ ತೊಮ್ಮಾ ಕತ್ತನಾರರೂ ಹೊರಟರು. ಕರಿಯಾಟ್ಟಿಲರು ರೋಮಿನ ಪ್ರೊಪಗಾಂಡ ವಿದ್ಯಾಲಯದಲ್ಲಿ ಓದಿ ಬಂದ ವಿದ್ವಾಂಸರು. ಅಲ್ಲಿನ ಭಾಷೆ, ಅಲ್ಲಿನ ಕಾನೂನು ಬಲ್ಲವರು. ಹೊರಟ ಉದ್ದೇಶ ಎರಡು. ರೋಮಿನಿಂದ ಬೇರ್ಪಟ್ಟ ಪುತ್ತನ್‌ಕೂರ್ ಪಂಗಡದ ಮುಖ್ಯಸ್ಥ ಆರನೆಯ ಮಾರ್ ತೋಮ ರೋಮಿನೊಂದಿಗೆ ಮತ್ತೆ ಸೇರಲು ಸಿದ್ಧರಿದ್ದರು. ಅವರನ್ನು ಸ್ವೀಕರಿಸುವಂತೆ ಪೋಪರನ್ನು ಒಪ್ಪಿಸುವುದು ಒಂದು. ಮಿಷನರಿಗಳ ದಬ್ಬಾಳಿಕೆಯನ್ನು ಪೋಪರಿಗೆ ನೇರವಾಗಿ ಅರುಹುವುದು ಇನ್ನೊಂದು. ಎರಡಕ್ಕೂ ಒಳಸಂಬಂಧವಿದೆ ಎಂಬುದು ಕೃತಿಯ ನಿಲುವು. ಮಾರ್ ತೋಮ ಒಳಗೆ ಬಂದರೆ ಸ್ಥಳೀಯನಾದ ಒಬ್ಬ ಧರ್ಮಾಧ್ಯಕ್ಷ ಒಳಗೆ ಬಂದಂತೆ. ಹಾಗೆ ಬಂದ ಮೇಲೆ ಪರದೇಶಿ ಧರ್ಮಾಧ್ಯಕ್ಷರ ಅಗತ್ಯವೇನು ಎಂಬ ಪ್ರಶ್ನೆ ಏಳುತ್ತದೆ. ಐಕ್ಯಕ್ಕೆ ವರಾಪ್ಪುಳದವರು ಒಡ್ಡುವ ಅಡ್ಡಿಗಳ ಹಿಂದೆ ಕತ್ತನಾರರು ಕಾಣುವುದು ಸಿದ್ಧಾಂತನಿಷ್ಠೆಯನ್ನಲ್ಲ, ಅಧಿಕಾರ ತಪ್ಪೀತೆಂಬ ಭಯವನ್ನು.

ಪಯಣದ ದಾರಿ ಸುದೀರ್ಘ: ತಿರುವಾಂಕೂರಿನಿಂದ ತೂತ್ತುಕುಡಿ, ನಾಗಪಟ್ಟಣಗಳ ಮೂಲಕ ಮದರಾಸು, ಅಲ್ಲಿಂದ ಹಡಗೇರಿ ಆಫ್ರಿಕದ ದಕ್ಷಿಣ ತುದಿಯನ್ನು ಬಳಸಿ ಬೆಂಗೇಲ, ಬ್ರೆಜಿಲಿನ ಬಹಿಯ, 1779ರಲ್ಲಿ ಲಿಸ್ಬನ್, ಮತ್ತೆ ಜೆನೋವದ ಮಾರ್ಗವಾಗಿ 1780ರ ಜನವರಿಯಲ್ಲಿ ರೋಮ್. ದೊಡ್ಡ ತಂಡವಾಗಿ ಹೊರಟವರಲ್ಲಿ ಸಮುದ್ರ ದಾಟಿದವರು ಇಬ್ಬರು ಯಾಜಕರು ಮತ್ತು ಓದಲೆಂದು ಹೊರಟ ಇಬ್ಬರು ಹುಡುಗರು. ಇದರ ವೆಚ್ಚವನ್ನು ಹೊತ್ತವು ಊರೂರಿನ ಚರ್ಚುಗಳು. ಈ ಕೊನೆಯ ಸಂಗತಿ ಕೃತಿಯ ರಚನೆಯನ್ನೇ ನಿರ್ಧರಿಸಿದೆ. ಹಣ ಕೊಟ್ಟವರಿಗೆ ಲೆಕ್ಕ ಒಪ್ಪಿಸಬೇಕಾದವನ ದನಿ ಅದರಲ್ಲಿ ಉದ್ದಕ್ಕೂ ಕೇಳಿಸುತ್ತದೆ. ‘ವರ್ತಮಾನ’ ಎಂಬ ಶೀರ್ಷಿಕೆಯ ಪದಕ್ಕೆ ಇಲ್ಲಿ ನಡೆದ ಸಂಗತಿಯ ವರದಿ ಎಂಬ ಅರ್ಥ. ಎಲ್ಲಿ ಯಾರನ್ನು ಕಂಡದ್ದು, ಯಾವ ಅರ್ಜಿ ಕೊಟ್ಟದ್ದು, ಏನು ಉತ್ತರ ಬಂದದ್ದು, ಎಷ್ಟು ದಿನ ಕಾಯಿಸಿದ್ದು ಇವೆಲ್ಲ ದಾಖಲಾಗುತ್ತವೆ. ಬಂದರುಗಳ, ದೇವಾಲಯಗಳ, ಪವಿತ್ರಾವಶೇಷಗಳ ವರ್ಣನೆ ಈ ವರದಿಯ ನಡುವೆ ಬಿಡುವಿನಂತೆ ಬರುತ್ತದೆ.

ಇದನ್ನು ಪ್ರವಾಸಕಥನವೆಂದು ಮಾತ್ರ ಓದಿದವರಿಗೆ ಅರ್ಜಿ, ಪತ್ರ, ವಾದಗಳ ಉದ್ದನೆಯ ಭಾಗಗಳು ಕಥೆಯ ಓಟಕ್ಕೆ ತೊಡಕೆನಿಸಿವೆ. ವಾಸ್ತವದಲ್ಲಿ ಅವೇ ಕೃತಿಯ ಶರೀರ. ಪಯಣ ಅವುಗಳನ್ನು ಪೋಣಿಸುವ ದಾರ. ವರಾಪ್ಪುಳದಲ್ಲಿ ಸಿಗದ ನ್ಯಾಯ ಲಿಸ್ಬನ್ನಿನಲ್ಲಿ ಸಿಕ್ಕೀತು, ಅಲ್ಲಿ ಸಿಗದಿದ್ದರೆ ರೋಮಿನಲ್ಲಿ ಸಿಕ್ಕೀತು ಎಂಬ ನಿರೀಕ್ಷೆ ಓದುಗನನ್ನು ಮುಂದೆ ಕರೆದೊಯ್ಯುತ್ತದೆ. ಭೂಗೋಳದ ದೂರ ಹೆಚ್ಚಿದಷ್ಟೂ ಮೇಲ್ಮನವಿಯ ಮೆಟ್ಟಿಲು ಏರುತ್ತ ಹೋಗುತ್ತದೆ. ಭಾಷೆಯ ಆಯ್ಕೆಯೂ ಇದೇ ತರ್ಕಕ್ಕೆ ಹೊಂದುತ್ತದೆ. ಅರ್ಜಿಗಳು ಯುರೋಪಿನ ಭಾಷೆಗಳಲ್ಲಿ ಮೇಲಕ್ಕೆ ಹೋದವು. ಆ ಅರ್ಜಿಗಳ ಗತಿ ಏನಾಯಿತೆಂಬ ಕಥನ ಮಲಯಾಳದಲ್ಲಿ ಕೆಳಗೆ, ಮನೆಗೆ ಬಂದಿತು. ದೂರು ಯಾರಿಗೆ ಸಲ್ಲಬೇಕೋ ಅವರ ಭಾಷೆಯಲ್ಲಿ ದೂರು, ಯಾರು ತೀರ್ಪು ಹೇಳಬೇಕೋ ಅವರ ಭಾಷೆಯಲ್ಲಿ ಪುಸ್ತಕ. ಅಂತಿಮ ನ್ಯಾಯಪೀಠ ಓದುಗ ಸಮುದಾಯವೇ ಎಂಬ ಸೂಚನೆ ಈ ಆಯ್ಕೆಯಲ್ಲಿದೆ.

ಪೋಪರು ಬೇರೆ, ಪೋಪರ ಕಚೇರಿ ಬೇರೆ

ರೋಮಿನ ಅಧ್ಯಾಯಗಳು ಕೃತಿಯ ಅತ್ಯಂತ ಸತ್ತ್ವಯುತ ಭಾಗ. ಅಲ್ಲಿ ಕಳೆದ ಸುಮಾರು ಆರು ತಿಂಗಳಲ್ಲಿ ಇಬ್ಬರು ಯಾಜಕರಿಗೆ ಆರನೆಯ ಪಿಯುಸ್ ಪೋಪರ ದರ್ಶನ ದೊರೆಯಿತು. ವ್ಯವಹಾರ ಮಾತ್ರ ಪ್ರೊಪಗಾಂಡದ ಕಚೇರಿಗೇ ಹೋಯಿತು. ಆ ಕಚೇರಿಗೆ ವರಾಪ್ಪುಳದ ದೂರುಗಳು ಇವರಿಗಿಂತ ಮೊದಲೇ ತಲುಪಿದ್ದವು. ಯಾರ ಮೇಲೆ ದೂರು ತಂದಿದ್ದರೋ ಅವರನ್ನು ಕಳುಹಿಸಿದವರೇ ದೂರಿನ ವಿಚಾರಣೆಗೆ ಕುಳಿತಿದ್ದರು. ಕರಿಯಾಟ್ಟಿಲರು ಓದಿದ್ದು ಅದೇ ಸಂಸ್ಥೆಯ ವಿದ್ಯಾಲಯದಲ್ಲಿ ಎಂಬುದು ಅವರಿಗೆ ಅನುಕೂಲವಾಗುವ ಬದಲು ಕೃತಘ್ನತೆಯ ಆರೋಪಕ್ಕೆ ಎಡೆಯಾಗುವಂತಿತ್ತು.

ಇಲ್ಲಿ ಕತ್ತನಾರರು ಒಂದು ನಾಜೂಕಾದ ವಿಂಗಡಣೆ ಮಾಡುತ್ತಾರೆ. ಪೋಪರು ಪ್ರೇಷಿತ ಪೇತ್ರನ ಉತ್ತರಾಧಿಕಾರಿ, ಎಲ್ಲ ಜನಗಳ ತಂದೆ. ಅವರಲ್ಲಿ ಭಕ್ತಿಗೆ ಕುಂದಿಲ್ಲ. ಪ್ರೊಪಗಾಂಡ ಒಂದು ಕಚೇರಿ. ಅದರ ಕಿವಿ ಒಂದು ಪಕ್ಷದ ಕಡೆಗೆ ವಾಲಿದೆ. ತಂದೆಗೆ ಸತ್ಯ ತಿಳಿದಿಲ್ಲ, ತಿಳಿದರೆ ನ್ಯಾಯ ಮಾಡುವರು ಎಂಬುದು ವಾದದ ಆಧಾರಶಿಲೆ. ಒಳ್ಳೆಯ ದೊರೆ, ಕೆಟ್ಟ ಅಧಿಕಾರಿಗಳು ಎಂಬ ಈ ಮಾದರಿ ಜಗತ್ತಿನ ಅರ್ಜಿ ಸಾಹಿತ್ಯದಲ್ಲೆಲ್ಲ ಕಾಣುವಂಥದು. ದೊರೆಯ ಮೇಲಿನ ನಿಷ್ಠೆಯನ್ನು ಉಳಿಸಿಕೊಂಡೇ ಅವನ ಆಡಳಿತವನ್ನು ಖಂಡಿಸಲು ಅದು ಅವಕಾಶ ಕೊಡುತ್ತದೆ. ಆದರೆ ಅದಕ್ಕೊಂದು ಬೆಲೆಯೂ ಇದೆ. ವಿಕಾರ್ ಅಪೊಸ್ತೋಲಿಕನ ಅಧಿಕಾರ ಪೋಪರ ಅಧಿಕಾರದ ವಿಸ್ತರಣೆಯೇ ಹೊರತು ಬೇರೆಯಲ್ಲ. ವರಾಪ್ಪುಳದ ಧರ್ಮಾಧ್ಯಕ್ಷನನ್ನು ಪ್ರಶ್ನಿಸುವುದೆಂದರೆ, ಪೋಪರು ದೂರದ ಜನರನ್ನು ಪ್ರತಿನಿಧಿಯ ಮೂಲಕ ನೇರವಾಗಿ ಆಳಬಹುದೇ ಎಂಬುದನ್ನೇ ಪ್ರಶ್ನಿಸಿದಂತೆ. ಕೃತಿ ಆ ಹೊಸ್ತಿಲವರೆಗೆ ಹೋಗುತ್ತದೆ, ದಾಟುವುದಿಲ್ಲ. ದಾಟದಿರುವುದಕ್ಕೆ ಕಾರಣ ಅಂಜಿಕೆ ಮಾತ್ರವಲ್ಲ. ಪೋಪರ ಪರಮಾಧಿಕಾರವನ್ನು ಬಿಟ್ಟುಕೊಟ್ಟರೆ ಮಿಷನರಿಗಳ ಮೇಲೆ ಮನವಿ ಸಲ್ಲಿಸಲು ಬೇರೆ ಪೀಠವೇ ಉಳಿಯುವುದಿಲ್ಲ. ಪೀಡಿಸುವ ಶಕ್ತಿಯೂ ಪರಿಹಾರದ ಆಸರೆಯೂ ಒಂದೇ ಮೂಲದಿಂದ ಬರುವ ಈ ಬಿಕ್ಕಟ್ಟನ್ನು ಕೃತಿ ಬಿಡಿಸುವುದಿಲ್ಲ. ಅದನ್ನು ಮರೆಮಾಚುವುದೂ ಇಲ್ಲ.

ಪರಿಹಾರ ಬಂದುದು ಬೇರೆ ದಿಕ್ಕಿನಿಂದ. ಪೋರ್ಚುಗೀಸ್ ಆಶ್ರಯಕ್ಕೆ ಒಳಪಟ್ಟ ಕೊಡುಂಗಲ್ಲೂರಿನ ಮಹಾಧರ್ಮಾಧ್ಯಕ್ಷ ಪೀಠ ತೆರವಾಗಿತ್ತು. ಲಿಸ್ಬನ್ನಿಗೆ ಹಿಂದಿರುಗಿದ ಮೇಲೆ ರಾಣಿ ಒಂದನೆಯ ಮರಿಯ ಕರಿಯಾಟ್ಟಿಲರನ್ನೇ ಆ ಪೀಠಕ್ಕೆ ನಾಮಕರಣ ಮಾಡಿದರು. ಪೋಪರು ಅದನ್ನು ಸ್ಥಿರೀಕರಿಸಿದರು. 1783ರ ಫೆಬ್ರವರಿಯಲ್ಲಿ ಲಿಸ್ಬನ್ನಿನಲ್ಲಿ ದೀಕ್ಷೆ ನಡೆಯಿತು. ಪೋಪರ ಬಳಿಗೆ ಕೇಳಲು ಹೋದದ್ದನ್ನು ಕೊಟ್ಟವರು ಒಬ್ಬ ರಾಣಿ. ಕೂನನ್ ಕುರಿಶಿನ ಮುಂದೆ ಪೂರ್ವಜರು ಯಾವ ಪೋರ್ಚುಗೀಸ್ ಆಳ್ವಿಕೆಯ ವಿರುದ್ಧ ಪ್ರತಿಜ್ಞೆ ಮಾಡಿದ್ದರೋ ಅದೇ ಆಶ್ರಯಾಧಿಕಾರದ ಮೂಲಕ ಮೊಮ್ಮಕ್ಕಳಿಗೆ ಸ್ವಂತ ಮಹಾಧರ್ಮಾಧ್ಯಕ್ಷ ದೊರೆತ. ಕತ್ತನಾರರು ಈ ತಿರುವನ್ನು ಕೃತಜ್ಞತೆಯಿಂದ ಸ್ವೀಕರಿಸುತ್ತಾರೆ. ಅದರ ವ್ಯಂಗ್ಯ ಇಂದಿನ ಓದುಗನಿಗೆ ಕಾಣುವಷ್ಟು ಅವರಿಗೆ ಕಂಡಂತಿಲ್ಲ.

ಕಾಸ್ತ್ರೊನ ಕನ್ನಡಿ

ಈ ತಿರುವಿನ ಅರ್ಥ ನಿಚ್ಚಳವಾಗುವುದು ಇನ್ನೊಂದು ಪಠ್ಯದ ಪಕ್ಕದಲ್ಲಿ ಇಟ್ಟಾಗ. ಗೋವೆಯ ಬ್ರಾಹ್ಮಣ ಮನೆತನದ ಕ್ರೈಸ್ತ ಮತೇವುಸ್ ದೆ ಕಾಸ್ತ್ರೊನಿಗೆ ಗೋವೆಯ ಪೋರ್ಚುಗೀಸ್ ಧಾರ್ಮಿಕ ವರ್ಗ ಯಾಜಕ ದೀಕ್ಷೆಯ ಬಾಗಿಲನ್ನೇ ಮುಚ್ಚಿತ್ತು. ಆತ ರೋಮಿಗೆ ಹೋಗಿ ಪ್ರೊಪಗಾಂಡದ ಆಶ್ರಯದಲ್ಲಿ ಓದಿ, ಯಾಜಕನಾಗಿ, 1637ರಲ್ಲಿ ಧರ್ಮಾಧ್ಯಕ್ಷ ದೀಕ್ಷೆಯನ್ನೂ ಪಡೆದು ಬಿಜಾಪುರದ ಆದಿಲ್‌ಶಾಹಿ ಸೀಮೆಗೆ ವಿಕಾರ್ ಅಪೊಸ್ತೋಲಿಕನಾಗಿ ಹಿಂದಿರುಗಿದ. ಗೋವೆಯ ಅಧಿಕಾರಿಗಳು ಅವನ ನೇಮಕವನ್ನು ಮಾನ್ಯ ಮಾಡಲಿಲ್ಲ. ಪೋರ್ಚುಗೀಸರ ಕೈ ತಲುಪದ, ಆದಿಲ್‌ಶಾಹಿ ಆಳ್ವಿಕೆಯ ಡಿಚೋಲಿಯಲ್ಲಿ ಆತ ನೆಲೆಸಿದ. 1653ರಲ್ಲಿ, ಅಂದರೆ ಕೂನನ್ ಕುರಿಶ್ ಪ್ರತಿಜ್ಞೆಯ ವರ್ಷದಲ್ಲಿಯೇ, ಆತ ಪೋರ್ಚುಗೀಸಿನಲ್ಲಿ ಬರೆದ ‘ಬ್ರಾಹ್ಮಣರ ಕನ್ನಡಿ’ ಎಂಬ ಪ್ರಖರ ಲೇಖನ ಗೋವೆಯ ಕ್ರೈಸ್ತ ಬ್ರಾಹ್ಮಣರನ್ನು ಪೋರ್ಚುಗೀಸ್ ಧಾರ್ಮಿಕರ ವಿರುದ್ಧ ಎಚ್ಚರಿಸುತ್ತದೆ.

ಇಬ್ಬರ ದೂರೂ ಒಂದೇ: ದೀಕ್ಷೆಗೆ ಅರ್ಹರಾದ ಸ್ಥಳೀಯರು ಇದ್ದರೂ ಪರದೇಶಿಗಳು ಅಧಿಕಾರ ಬಿಟ್ಟುಕೊಡುವುದಿಲ್ಲ. ಅವರ ಆಶ್ರಯಗಳು ಮಾತ್ರ ತದ್ವಿರುದ್ಧ. ಕಾಸ್ತ್ರೊ ಪೋರ್ಚುಗೀಸ್ ಅರಸರ ಆಶ್ರಯವ್ಯವಸ್ಥೆಯ ವಿರುದ್ಧ ಪೋಪರ ಕಚೇರಿಯನ್ನು ನಂಬಿದ. ಕತ್ತನಾರರು ಪೋಪರ ಕಚೇರಿಯ ವಿರುದ್ಧ ಅರಸೊತ್ತಿಗೆಯ ಆಶ್ರಯವನ್ನು ಹಿಡಿದರು. ಪೋಪರ ಕೇಂದ್ರೀಕೃತ ಅಧಿಕಾರ ಸ್ಥಳೀಯರ ಪರವೋ ವಿರುದ್ಧವೋ ಎಂದು ಕೇಳಿದರೆ, ಈ ಎರಡು ಪಠ್ಯಗಳನ್ನು ಓದಿದವರು ಒಂದೇ ಉತ್ತರ ಕೊಡಲಾರರು. ಪ್ರತಿಸ್ಪರ್ಧಿ ಅಧಿಕಾರವೊಂದು ಎದುರಿಗಿದ್ದಾಗ ರೋಮ್ ಸ್ಥಳೀಯನನ್ನು ಮೇಲೆತ್ತಿತು. ತನ್ನದೇ ಪ್ರತಿನಿಧಿಗಳು ನೆಲೆಯೂರಿದ ಕಡೆ ಅವರನ್ನು ಕಾಪಾಡಿತು. ಲಿಸ್ಬನ್ನೂ ಹಾಗೆಯೇ ನಡೆದುಕೊಂಡಿತು: ಗೋವೆಯಲ್ಲಿ ಸ್ಥಳೀಯನಿಗೆ ಮುಚ್ಚಿದ ಬಾಗಿಲು ಕೊಡುಂಗಲ್ಲೂರಿನಲ್ಲಿ ತೆರೆಯಿತು, ಏಕೆಂದರೆ ಅಲ್ಲಿ ಎದುರಾಳಿ ಪ್ರೊಪಗಾಂಡ. ಎರಡು ಅಧಿಕಾರಗಳ ಬಿರುಕಿನಲ್ಲಿ ಮಾತ್ರ ಅಂಚಿನ ಸಮುದಾಯಗಳಿಗೆ ಧರ್ಮಾಧ್ಯಕ್ಷ ಸ್ಥಾನ ದಕ್ಕಿದೆ. ‘ವರ್ತಮಾನಪ್ಪುಸ್ತಕ’ವನ್ನು ರಾಷ್ಟ್ರೀಯತೆಯ ಉದ್ಘೋಷವೆಂದು ಓದುವವರು ಈ ಬಿರುಕಿನ ರಾಜಕಾರಣವನ್ನು ಕಾಣದೆ ಹೋಗುತ್ತಾರೆ.

‘ಜಾತಿ’ ಎಂಬ ಪದದ ಹೊರೆ

ರಾಷ್ಟ್ರೀಯವಾದಿ ಓದಿಗೆ ಇನ್ನೊಂದು ತೊಡಕಿದೆ. ಆರ್ಚ್‌ಡೀಕನ್ನನ ಬಿರುದಿನಲ್ಲಿ ಕಾಣುವ ‘ಜಾತಿ’ ಎಂಬ ಪದಕ್ಕೆ ಆ ಕಾಲದ ಮಲಯಾಳದಲ್ಲಿ ಜನ, ಕುಲ, ಸಮುದಾಯ ಎಂಬ ಅರ್ಥಗಳು ಕೂಡಿಕೊಂಡಿದ್ದವು. ಅದನ್ನು ಇಂಗ್ಲಿಷಿಗೆ ರಾಷ್ಟ್ರ ಎಂಬರ್ಥದ ಪದದಿಂದ ಅನುವಾದಿಸಿದ ಕೂಡಲೇ ವಾದದ ವ್ಯಾಪ್ತಿ ಹಿಗ್ಗುತ್ತದೆ. ಇತರ ಜನಗಳಿಗೆಲ್ಲ ತಮ್ಮವರೇ ಧರ್ಮಾಧ್ಯಕ್ಷರಿರುವಾಗ ತಮಗೇಕಿಲ್ಲ ಎಂಬ ಕತ್ತನಾರರ ಪ್ರಶ್ನೆಯಲ್ಲಿ ‘ತಾವು’ ಎಂದರೆ ಮಲಬಾರಿನ ಸುರಿಯಾನಿ ಕ್ರೈಸ್ತರು. ಕರಾವಳಿಯ ಲ್ಯಾಟಿನ್ ವಿಧಿಯ ಮೀನುಗಾರ ಕ್ರೈಸ್ತರು ಆ ‘ತಾವು’ವಿನೊಳಗೆ ಬರುವುದಿಲ್ಲ. ಸಮುದಾಯದ ಪ್ರಾಚೀನತೆ, ಕುಲೀನತೆ, ಸ್ಥಳೀಯ ಅರಸರ ನಡುವೆ ಅದಕ್ಕಿದ್ದ ಮಾನ ಇವು ಹಕ್ಕೊತ್ತಾಯಕ್ಕೆ ಬಲ ಕೊಡುತ್ತವೆ. ಹಾಗೆಯೇ ಅದಕ್ಕೆ ಗೋಡೆಯನ್ನೂ ಕಟ್ಟುತ್ತವೆ. ಕಾಸ್ತ್ರೊನ ಕನ್ನಡಿ ಶೀರ್ಷಿಕೆಯಲ್ಲಿಯೇ ತನ್ನ ಗೋಡೆಯನ್ನು ಘೋಷಿಸಿಕೊಂಡಿದೆ.

ಇದನ್ನು ದೋಷವೆಂದು ಎಣಿಸಿ ಕೃತಿಯನ್ನು ತಳ್ಳಿಹಾಕುವುದು ಸುಲಭ, ಅನ್ಯಾಯವೂ ಹೌದು. ಅಧಿಕಾರವಂಚಿತ ಸಮುದಾಯವೊಂದು ಹಕ್ಕು ಕೇಳುವಾಗ ಕೈಗೆ ಸಿಕ್ಕ ಸಾಮಾಜಿಕ ಬಂಡವಾಳವನ್ನೇ ಮುಂದಿಡುತ್ತದೆ. ಆದರೆ ಕೃತಿಯ ತರ್ಕದಲ್ಲಿ ಸ್ವಂತ ಧರ್ಮಾಧ್ಯಕ್ಷ ಎಂಬ ಮಾತು ಸ್ವಂತ ಕುಲದ ಧರ್ಮಾಧ್ಯಕ್ಷ ಎಂಬುದಕ್ಕೆ ಎಷ್ಟು ಸಲೀಸಾಗಿ ಜಾರುತ್ತದೆ ಎಂಬುದನ್ನು ವಿಮರ್ಶೆ ಗುರುತಿಸಬೇಕು.

ಎದುರು ಪಕ್ಷದ ದನಿ ಕೃತಿಯಲ್ಲಿ ಕ್ಷೀಣ. ಮಿಷನರಿಗಳು ದುರಹಂಕಾರಿಗಳಾಗಿಯೇ ಬರುತ್ತಾರೆ. ಅವರ ವಶದಲ್ಲಿ ಯಾಜಕನೊಬ್ಬ ಉಪವಾಸಬಿದ್ದು ಸತ್ತ ಪ್ರಸಂಗದಂಥವು ಕೋಪಕ್ಕೆ ಕಾರಣವನ್ನೂ ಒದಗಿಸುತ್ತವೆ. ಆದರೆ ಅದೇ ಕಾಲದಲ್ಲಿ ವರಾಪ್ಪುಳದಲ್ಲಿದ್ದ ಕಾರ್ಮೆಲೈಟ್ ಪೌಲಿನುಸ್ ಸಂಸ್ಕೃತವನ್ನು ಕಲಿತು, 1790ರಲ್ಲಿ ರೋಮಿನಲ್ಲಿ ಸಂಸ್ಕೃತ ವ್ಯಾಕರಣವನ್ನು ಅಚ್ಚು ಹಾಕಿಸಿದ ವಿದ್ವಾಂಸ. ಈ ನೆಲದ ಭಾಷೆಯ ಮೇಲೆ ಅಷ್ಟು ಅಕ್ಕರೆ ಇದ್ದವನೂ ಈ ನೆಲದ ಯಾಜಕರ ಹಕ್ಕೊತ್ತಾಯವನ್ನು ವಿರೋಧಿಸಿದ ಎಂಬುದು, ಭಾಷಾಪ್ರೀತಿ ಬೇರೆ, ಅಧಿಕಾರ ಹಂಚಿಕೆ ಬೇರೆ ಎಂಬುದಕ್ಕೆ ನಿದರ್ಶನ. ಅಂಥ ಸಂಕೀರ್ಣ ಎದುರಾಳಿಯನ್ನು ಚಿತ್ರಿಸುವಷ್ಟು ಬಿಡುವು ಕತ್ತನಾರರ ಕಥನಕ್ಕೆ ಇಲ್ಲ.

ಅನಂತರದ ಎರಡು ಶತಮಾನ

ಮಹಾಧರ್ಮಾಧ್ಯಕ್ಷ ಕರಿಯಾಟ್ಟಿಲ್ 1786ರಲ್ಲಿ ಗೋವೆಯವರೆಗೆ ಬಂದು, ಆ ವರ್ಷದ ಸೆಪ್ಟೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡರು. ತಮ್ಮ ಪೀಠವನ್ನು ಕಾಣಲೇ ಇಲ್ಲ. ತೊಮ್ಮಾ ಕತ್ತನಾರರು ಆಡಳಿತಾಧಿಕಾರಿಯಾಗಿ ಊರಿಗೆ ಹಿಂದಿರುಗಿದರು. 1787ರಲ್ಲಿ ಅಂಗಮಾಲಿಯಲ್ಲಿ ಕೂಡಿದ ಚರ್ಚುಗಳ ಪ್ರತಿನಿಧಿಗಳು ಅವರನ್ನೇ ಧರ್ಮಾಧ್ಯಕ್ಷರನ್ನಾಗಿಸಬೇಕೆಂದು ಪಡಿಯೋಲ ಎಂಬ ನಿರ್ಣಯಪತ್ರವನ್ನು ಬರೆದರು. ಅದು ಈಡೇರಲಿಲ್ಲ. 1799ರಲ್ಲಿ ಅವರು ತೀರಿಕೊಂಡಾಗಲೂ ಆಡಳಿತಾಧಿಕಾರಿಯೇ ಆಗಿದ್ದರು. 1838ರಲ್ಲಿ ಹದಿನಾರನೆಯ ಗ್ರೆಗೊರಿ ಪೋಪರು ಕೊಡುಂಗಲ್ಲೂರು ಪೀಠದ ಅಧಿಕಾರವ್ಯಾಪ್ತಿಯನ್ನೇ ತೆಗೆದುಹಾಕಿ ಅದನ್ನು ವರಾಪ್ಪುಳಕ್ಕೆ ಸೇರಿಸಿದರು. ಎಂಟು ವರ್ಷಗಳ ಪಯಣದಿಂದ ಗಳಿಸಿದ್ದು ಒಂದು ಪತ್ರದಿಂದ ಇಲ್ಲವಾಯಿತು.

ಈ ಚರಿತ್ರೆಯ ಅಲೆ ಕನ್ನಡ ಸೀಮೆಯನ್ನೂ ತಟ್ಟಿದೆ. ಕೆನರಾದ ಚರ್ಚುಗಳೂ ಕೆಲಕಾಲ ವರಾಪ್ಪುಳದ ಅಧೀನದಲ್ಲಿದ್ದು 1845ರಲ್ಲಿ ಬೇರ್ಪಟ್ಟವು. ಮಂಗಳೂರಿನ ಕಥೋಲಿಕರೂ ರೋಮಿಗೆ ಮನವಿ ಕಳುಹಿಸಿ, ಅದರ ಫಲವಾಗಿ 1878ರಲ್ಲಿ ಜೆಸ್ವಿತರು ಅಲ್ಲಿಗೆ ಬಂದರು. 1886ರಲ್ಲಿ ರೂಪುಗೊಂಡ ಮಂಗಳೂರು ಧರ್ಮಪ್ರಾಂತ್ಯಕ್ಕೆ ಕಾಸರಗೋಡಿನ ಬೇಳದಂಥ ಚರ್ಚುಗಳು ರಾಜ್ಯದ ಗಡಿ ಬದಲಾದ ಮೇಲೂ ಸೇರಿಕೊಂಡಿವೆ. ಭಾಷಾವಾರು ಗಡಿಯೂ ಧರ್ಮಪ್ರಾಂತ್ಯದ ಗಡಿಯೂ ಒಂದಾಗಿರಬೇಕಿಲ್ಲ ಎಂಬುದಕ್ಕೆ ಇದು ಜೀವಂತ ಸಾಕ್ಷಿ.

ಕತ್ತನಾರರು ದಾಟದ ಹೊಸ್ತಿಲನ್ನು ಧರ್ಮಸಭೆ 1870ರಲ್ಲಿ ಗಟ್ಟಿಯಾಗಿ ಮುಚ್ಚಿತು. ಒಂದನೆಯ ವ್ಯಾಟಿಕನ್ ಮಹಾಸಭೆ ಪೋಪರ ಅಧಿಕಾರ ಪ್ರತಿಯೊಂದು ಧರ್ಮಪ್ರಾಂತ್ಯದ ಮೇಲೂ ನೇರವಾದುದು, ಸಹಜವಾದುದು ಎಂದು ಘೋಷಿಸಿತು. ಆ ಸಭೆಯಲ್ಲಿ ಪೌರ್ವಾತ್ಯ ಪೇಟ್ರಿಯಾರ್ಕರ ಹಕ್ಕುಗಳಿಗಾಗಿ ದನಿಯೆತ್ತಿದವರಲ್ಲಿ ಕಲ್ದಾಯ ಪೇಟ್ರಿಯಾರ್ಕ್ ಔದೊ ಒಬ್ಬರು. ಮಲಬಾರಿನ ಜನರ ಕೋರಿಕೆಯ ಮೇರೆಗೆ 1861ರಲ್ಲಿ ರೊಕ್ಕೋಸ್, 1874ರಲ್ಲಿ ಮೆಲ್ಲುಸ್ ಎಂಬ ಧರ್ಮಾಧ್ಯಕ್ಷರನ್ನು ಕಳುಹಿಸಿ ರೋಮಿನ ಮುನಿಸಿಗೆ ಪಾತ್ರರಾದವರೂ ಅವರೇ. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ತಕ್ಕಡಿಯ ಇನ್ನೊಂದು ತಟ್ಟೆಗೆ ತೂಕ ಹಾಕಿತು. ಧರ್ಮಾಧ್ಯಕ್ಷರು ಪೋಪರ ಪ್ರತಿನಿಧಿಗಳಲ್ಲ. ದೀಕ್ಷೆಯಿಂದಲೇ ಪ್ರೇಷಿತರ ಉತ್ತರಾಧಿಕಾರಿಗಳು. ಪೋಪರೊಂದಿಗೆ ಕೂಡಿ ಒಂದು ಸಮೂಹವಾಗಿ ಇಡೀ ಧರ್ಮಸಭೆಯ ಹೊಣೆ ಹೊರುವವರು ಎಂದಿತು. ಆದರೆ ಆ ದಾಖಲೆಗೇ ಲಗತ್ತಿಸಿದ ವಿವರಣಾ ಟಿಪ್ಪಣಿ, ಪೋಪರಿಲ್ಲದೆ ಆ ಸಮೂಹವಿಲ್ಲ, ಪೋಪರು ಮಾತ್ರ ತಾವೊಬ್ಬರೇ ಎಂದಾದರೂ ಅಧಿಕಾರ ಚಲಾಯಿಸಬಹುದು ಎಂದು ಎಚ್ಚರಿಕೆಯ ಗೆರೆ ಎಳೆಯಿತು. ಮೂಲಪಾಠ ಕೊಟ್ಟದ್ದನ್ನು ಟಿಪ್ಪಣಿ ಅಳೆದು ಕೊಡುತ್ತದೆ. ವಿಮರ್ಶೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಇನ್ನೂ ಮುಗಿಯದ ಜಗಳವೊಂದು ಒಂದೇ ಪಠ್ಯದ ಒಳಗೆ ಎರಡು ದನಿಗಳಾಗಿ ಉಳಿದಿದೆ.

ಸುರಿಯಾನಿ ಕಥೋಲಿಕರಿಗೆ ಸ್ವಂತ ಸಮುದಾಯದ ಧರ್ಮಾಧ್ಯಕ್ಷರು ದೊರೆತದ್ದು 1896ರಲ್ಲಿ, ಕರಿಯಾಟ್ಟಿಲರು ಗೋವೆಯಲ್ಲಿ ತೀರಿಕೊಂಡ ನೂರಹತ್ತು ವರ್ಷಗಳ ಮೇಲೆ. ಅದೂ ವಿಕಾರ್ ಅಪೊಸ್ತೋಲಿಕರಾಗಿ. ಪೂರ್ಣ ಶ್ರೇಣಿವ್ಯವಸ್ಥೆ 1923ರಲ್ಲಿ, ಮೇಜರ್ ಆರ್ಚ್‌ಬಿಷಪ್ ಪದವಿ 1992ರಲ್ಲಿ, ತಮ್ಮ ಪ್ರದೇಶದೊಳಗೆ ಧರ್ಮಾಧ್ಯಕ್ಷರನ್ನು ಸಿನೊದಿನಲ್ಲಿ ಚುನಾಯಿಸುವ ಅಧಿಕಾರ 2004ರಲ್ಲಿ ಬಂದವು. ಕತ್ತನಾರರ ಕೋರಿಕೆ ಅವರು ಕೇಳಿದ್ದಕ್ಕಿಂತ ಹೆಚ್ಚಾಗಿಯೇ ಈಡೇರಿತು ಎನ್ನಬೇಕು. ಆದರೂ 2021ರಿಂದ ಎರ್ನಾಕುಲಂ–ಅಂಗಮಾಲಿಯಲ್ಲಿ ಏಕರೂಪದ ಪೂಜಾವಿಧಿಯ ಬಗ್ಗೆ ತಲೆದೋರಿದ ವಿವಾದದಲ್ಲಿ ಯಾಜಕರೂ ಜನರೂ ಎದುರಿಸಿ ನಿಂತದ್ದು ಪರದೇಶಿ ಮಿಷನರಿಗಳನ್ನಲ್ಲ, ತಮ್ಮದೇ ಸಿನೊದನ್ನು. 2023ರ ಡಿಸೆಂಬರಿನಲ್ಲಿ ಪೋಪ್ ಫ್ರಾನ್ಸಿಸರು ದೃಶ್ಯಸಂದೇಶದ ಮೂಲಕ ಸಿನೊದಿನ ನಿರ್ಣಯಕ್ಕೆ ವಿಧೇಯರಾಗುವಂತೆ ಆ ಜನರಿಗೆ ನೇರವಾಗಿ ಹೇಳಬೇಕಾಯಿತು.

ಈ ಬೆಳಕಿನಲ್ಲಿ ‘ವರ್ತಮಾನಪ್ಪುಸ್ತಕ’ದ ನಿಜವಾದ ಮಿತಿ ಯಾವುದೆಂದು ತಿಳಿಯುತ್ತದೆ. ಧರ್ಮಾಧ್ಯಕ್ಷ ಯಾರವನು ಎಂಬ ಪ್ರಶ್ನೆಗೆ ಕೃತಿ ತನ್ನೆಲ್ಲ ಶಕ್ತಿಯನ್ನು ಧಾರೆಯೆರೆದಿದೆ. ಅವನು ಯಾರಿಗೆ ಉತ್ತರದಾಯಿ ಎಂಬುದನ್ನು ನೇರವಾಗಿ ಕೇಳಿಲ್ಲ. ತಮ್ಮವನಾದರೆ ಸಾಕು, ಉಳಿದುದು ತಾನಾಗಿ ಸರಿಹೋಗುವುದು ಎಂಬ ವಿಶ್ವಾಸ ಅದರ ತಳದಲ್ಲಿದೆ. ದೂರದ ಅಧಿಕಾರದೊಂದಿಗೆ ಗುದ್ದಾಡುವ ಅಲ್ಪಸಂಖ್ಯಾತ ಸಮುದಾಯಗಳ ಬರಹಗಳಲ್ಲೆಲ್ಲ ಈ ವಿಶ್ವಾಸ ಕಾಣಿಸುತ್ತದೆ, ಅದರ ಮುರಿತವೂ ಕಾಣಿಸುತ್ತದೆ.

ಆದರೆ ಕೃತಿ ವಾದದಲ್ಲಿ ಕೇಳದ ಪ್ರಶ್ನೆಗೆ ಅದರ ರೂಪ ಉತ್ತರ ಕೊಟ್ಟಿದೆ. ಪ್ರಯಾಣದ ಪ್ರತಿ ಹೆಜ್ಜೆ, ಪ್ರತಿ ಭೇಟಿ, ಪ್ರತಿ ಸೋಲು ಹಣ ಕೊಟ್ಟು ಕಳುಹಿಸ���ದ ಪಳ್ಳಿಯೋಗಗಳ ಮುಂದೆ, ಅವರ ಭಾಷೆಯಲ್ಲಿ, ಲೆಕ್ಕಕ್ಕೆ ಬಂದಿದೆ. ಪೋಪರ ಅಧಿಕಾರ ಮೇಲಿನಿಂದ ಇಳಿಯುವುದೆಂದು ಒಪ್ಪಿಕೊಂಡ ಯಾಜಕನೊಬ್ಬ ತಾನು ಪಡೆದ ಹೊಣೆಯ ಲೆಕ್ಕವನ್ನು ಕೆಳಗಿನವರಿಗೆ ಒಪ್ಪಿಸಿದ್ದಾನೆ. ರೋಮಿನ ಎರಡು ಮಹಾಸಭೆಗಳು ಪೋಪ್ ಮತ್ತು ಧರ್ಮಾಧ್ಯಕ್ಷರ ನಡುವಿನ ತೂಕವನ್ನು ಮಾತ್ರ ಚರ್ಚಿಸುತ್ತಿರುವಾಗ, ಆ ತಕ್ಕಡಿಯಲ್ಲಿ ಕಾಣಿಸದ ಮೂರನೆಯ ಪಕ್ಷವನ್ನು, ಅಂದರೆ ಜನರನ್ನು, ಈ ಹಳೆಯ ಮಲಯಾಳ ಪುಸ್ತಕ ತನ್ನ ಓದುಗರೆಂದು ಭಾವಿಸಿ ಬರೆಯಿತು. ಅದರ ಹಿರಿಮೆ ಇರುವುದು ಅಲ್ಲಿ.